ಸ್ವಿಫ್ಟ್‌ಗೆ ಸ್ಪೋರ್ಟ್ಸ್ ಸೀಟ್: ನಾಲ್ಕು ವರ್ಷ, 72,000 ಕಿಲೋಮೀಟರ್, ಎರಡು ಬ್ರಾಕೆಟ್

ವಿರಾಜಪೇಟೆಯಿಂದ ಮಡಿಕೇರಿಗೆ ಬೇತ್ರಿ, ಮೂರ್ನಾಡು, ಹಾಕತ್ತೂರು, ಮೇಕೇರಿ ದಾಟಿ ಸುಮಾರು 30 ಕಿಲೋಮೀಟರ್. ಹೋಗಿ ಬಂದರೆ 60. ವಾರಕ್ಕೆ ಆರು ದಿನ ನನ್ನದು ಇದೇ ದಾರಿ. ಒಂದು ತಿರುವಿನ ಬಾಲ ಹಿಡಿದುಕೊಂಡೇ ಇನ್ನೊಂದು ತಿರುವು ಬರುವ ರಸ್ತೆ ಇದು. ಗಾಡಿ 2014ರ ಸ್ವಿಫ್ಟ್ ಡೀಸೆಲ್. ಎಂಜಿನ್ ಬಗ್ಗೆ ಇವತ್ತಿಗೂ ತಕರಾರಿಲ್ಲ. ತಕರಾರು ಇದ್ದದ್ದು ಡ್ರೈವರ್ ಸೀಟಿನ ಬಗ್ಗೆ. ಲಕ್ಷ ಕಿಲೋಮೀಟರ್ ದಾಟುವ ಹೊತ್ತಿಗೆ ಕೂರುವ ಜಾಗದ ಫೋಮ್ ಕುಸಿದು ಒಂದು ಕಡೆಗೆ ವಾಲಿತ್ತು. ಎಡ ತಿರುವಿನಲ್ಲಿ ಮೈ ಬಲಕ್ಕೆ ಜಾರುತ್ತಿತ್ತು, ಬಲ ತಿರುವಿನಲ್ಲಿ ಎಡ ಮೊಣಕಾಲನ್ನು ಗೇರಿನ ಪಕ್ಕದ ಪ್ಲಾಸ್ಟಿಕ್ಕಿಗೆ ಒತ್ತಿ ನಿಲ್ಲಿಸಿಕೊಳ್ಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಸೊಂಟಕ್ಕಿಂತ ಹೆಚ್ಚು ನೋಯುತ್ತಿದ್ದದ್ದು ಭುಜ. ಸ್ಟೀರಿಂಗ್ ತಿರುಗಿಸುವುದಕ್ಕೆ ಹಿಡಿಯಬೇಕಾದದ್ದನ್ನು ನಾನು ಬೀಳದೆ ಇರುವುದಕ್ಕೆ ಹಿಡಿಯುತ್ತಿದ್ದೆ ಎಂದು ಗೊತ್ತಾಗಲು ತುಂಬಾ ದಿನ ಬೇಕಾಯಿತು.

ತಿರುವಿನಲ್ಲಿ ಮೈ ಹಿಡಿದಿಡುವ ಸ್ಪೋರ್ಟ್ಸ್ ಸೀಟು ಹುಡುಕಿಕೊಂಡು 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಲ್ಲಿನ ಅಂಗಡಿಗಳಲ್ಲಿ ಅರ್ಧ ಸೀಟಿಗೆ ರೆಕಾರೊ ಎಂದು ಹೊಲಿದಿರುತ್ತಾರೆ, ಉಳಿದರ್ಧಕ್ಕೆ ಸ್ಪಾರ್ಕೊ, ಎರಡೂ ಹೆಸರಾಂತ ಸೀಟಿನ ಕಂಪನಿಗಳು. ಹೊಲಿಗೆಯನ್ನು ನಂಬಿ ದುಡ್ಡು ಕೊಡಬೇಡಿ. ರೆಕಾರೊ ಎಂಬ ಹೆಸರು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಪೋರ್ಷೆಗೆ ಬಾಡಿ ಕಟ್ಟಿಕೊಡುತ್ತಿದ್ದ ರಾಯ್ಟರ್ ಎಂಬ ಕಾರ್ಖಾನೆಯಿಂದ ಬಂದದ್ದು. 1963ರಲ್ಲಿ ಬಾಡಿ ಕಟ್ಟುವ ಕೆಲಸ ಪೋರ್ಷೆಯ ಪಾಲಾಯಿತು, ಉಳಿದವರು ಸೀಟು ಮಾಡಲು ಕೂತರು. ಅಂಥ ಸೀಟಿನ ನಕಲು ನಮ್ಮಲ್ಲಿ ಆಗ ಎಂಟು ಸಾವಿರಕ್ಕೂ ಸಿಗುತ್ತಿತ್ತು. ಕೆಳಗಿನಿಂದ ಕೈ ಹಾಕಿ ನೋಡಿದರೆ ಒಳಗಿನ ಫ್ರೇಮು ಸಪೂರ ಪೈಪಿನದು, ವೆಲ್ಡಿಂಗ್ ಇರುವ ಕಡೆ ಬರೀ ಚುಕ್ಕೆ. ನಾನು ತೆಗೆದುಕೊಂಡದ್ದು ಹೆಸರಿನ ಸೀಟಲ್ಲ. ಜಪಾನಿನಲ್ಲಿ ಯಾವುದೋ ಕಾರಿನ ಕಂಪನಿ ಸೀಟಾಗಿ ಓಡಿ, ಬಿಚ್ಚಿ ಇಲ್ಲಿಗೆ ಬಂದ ಒಂದು ಜೊತೆ. ಎರಡೂ ಬದಿ ಎತ್ತರಿಸಿದ, ಆದರೆ ಬೆನ್ನು ಹಿಂದಕ್ಕೆ ಒರಗುವ ಸೀಟು. ಎರಡೂ ಸೇರಿ 38,000 ರೂಪಾಯಿ. ಕಂಪನಿ ಸೀಟಾದ್ದರಿಂದ ಫ್ರೇಮಿನ ಬಗ್ಗೆ ಧೈರ್ಯ ಇತ್ತು.

ಒರಗದ, ಒಂದೇ ಅಚ್ಚಿನ ಪೂರ್ತಿ ಬಕೆಟ್ ಸೀಟು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆ. ಗದ್ದೆ ಕೊಯ್ಲಾದ ಮೇಲೆ ಗೋಣಿಕೊಪ್ಪದ ಕಡೆ ನಡೆಯುವ ಆಟೋಕ್ರಾಸ್ ಕಾರು ಓಟದಲ್ಲಿ ಓಡಿಸುವ ಗೆಳೆಯನ ಗಾಡಿಯಲ್ಲಿ ಅದು ಇದೆ. ಐದು ನಿಮಿಷದ ಓಟಕ್ಕೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಅಂತರರಾಷ್ಟ್ರೀಯ ಕಾರು ರೇಸಿನ ಸಂಸ್ಥೆಯಾದ ಎಫ್‌ಐಎಯ 8855-1999 ಎಂಬ ಗುರುತಿನ ಆ ಸೀಟಿಗೆ ತಯಾರಾದ ವರ್ಷದಿಂದ ಐದೇ ವರ್ಷ ಮಾನ್ಯತೆ. ರೇಸಿನವರಿಗೆ ಅದು ಸರಿ, ದಿನಾ ಆಫೀಸಿಗೆ ಹೋಗುವವನಿಗೆ ಯಾಕೆ? ಅಂಗಡಿಯವನು ನಾಲ್ಕು ಪಟ್ಟಿಯ ರೇಸಿಂಗ್ ಬೆಲ್ಟನ್ನೂ ತೋರಿಸಿದ. ಒಳಗೆ ರೋಲ್ ಕೇಜ್ (ಛಾವಣಿ ಕುಸಿಯದಂತೆ ತಡೆಯುವ ಪೈಪಿನ ಪಂಜರ) ಇಲ್ಲದ ಗಾಡಿಗೆ ಅದನ್ನು ಹಾಕುವುದು ಹುಚ್ಚುತನ. ಗಾಡಿ ಪಲ್ಟಿಯಾಗಿ ಮೇಲ್ಛಾವಣಿ ಒಳಗೆ ತಗ್ಗಿದರೆ ಮಾಮೂಲಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಜಾಗ ಇರುತ್ತದೆ. ಆ ಪಟ್ಟಿಗಳು ನೆಟ್ಟಗೆ ಕೂರಿಸಿಯೇ ಹಿಡಿದಿಡುತ್ತವೆ. ತೊಡೆಸಂದಿಯ ಪಟ್ಟಿ ಇಲ್ಲದ್ದರಿಂದ ಗುದ್ದಿದಾಗ ಕೆಳಗೆ ಜಾರುವ ಅಪಾಯ ಬೇರೆ. ನನ್ನ ಗಾಡಿಯ ಮೂರು ಬಿಂದುವಿನ ಬೆಲ್ಟೇ ಈಗಲೂ ಇದೆ.

ಇನ್ನು ಬ್ರಾಕೆಟ್. ಈ ವಿಮರ್ಶೆ ನಿಜವಾಗಿ ಬ್ರಾಕೆಟ್ಟಿನ ಬಗ್ಗೆಯೇ.

ಹೊಸ ಸೀಟಿನ ಕಾಲುಗಳು ನಮ್ಮ ಗಾಡಿಯ ನೆಲದ ನಾಲ್ಕು ತೂತುಗಳಿಗೆ ಕೂರುವುದಿಲ್ಲ. ನಡುವೆ ಒಂದು ಸ್ಟ್ಯಾಂಡ್ ಬೇಕು, ಅದೇ ಬ್ರಾಕೆಟ್. ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಎಂಎಸ್ (ಮೆದು ಉಕ್ಕಿನ) ಆ್ಯಂಗಲ್ ಕತ್ತರಿಸಿ, ಗಾಡಿಯಲ್ಲೇ ಅಳತೆ ಹಿಡಿದು, ಅರ್ಧ ದಿನದಲ್ಲಿ ವೆಲ್ಡ್ ಮಾಡಿಕೊಟ್ಟರು. 3,500 ರೂಪಾಯಿ. ಕಪ್ಪು ಬಣ್ಣ ಬಳಿದ ಮೇಲೆ ನೋಡಲು ಲಕ್ಷಣವಾಗಿತ್ತು. ಕೂತೆ. ಸೀಟು ಮೊದಲಿಗಿಂತ 35 ಮಿಲಿಮೀಟರ್ ಎತ್ತರ, ಮುಂದಿನ ತುದಿ ಚೂರು ತಗ್ಗು. ಬೇತ್ರಿ ಸೇತುವೆ ದಾಟುವಾಗ ರಸ್ತೆಯ ಉಬ್ಬಿಗೆ ತಲೆ ಮೇಲಿನ ಬಟ್ಟೆಗೆ ತಾಗಿತು. ಬದಿಯ ಏರು ಇದ್ದರೂ ಅದರ ಮೇಲೆ ಕೂತ ಹಾಗೆ, ಅದರೊಳಗೆ ಕೂತ ಹಾಗಲ್ಲ. ಬೆಲ್ಟಿನ ಬಕಲ್ ಸೀಟಿನ ಬದಿಯಲ್ಲಿ ಆಳಕ್ಕೆ ಹೋಗಿ, ದಿನಾ ಬೆಳಿಗ್ಗೆ ಗೂಡಿನಲ್ಲಿ ಏಡಿ ಹಿಡಿಯುವವನ ಹಾಗೆ ಕೈ ತೂರಿಸಬೇಕಿತ್ತು. ಅದಕ್ಕಿಂತ ಕೆಟ್ಟದ್ದು ಪಟ್ಟಿ ಸೊಂಟದ ಮೂಳೆಯ ಮೇಲೆ ಬರುವುದನ್ನು ಬಿಟ್ಟು ಹೊಟ್ಟೆಯ ಮೇಲೆ ಬರುತ್ತಿತ್ತು. ಹೊಂದಿಕೊಳ್ಳುತ್ತದೆ ಎಂದರು. ನಾನೂ ಹಾಗೇ ಅಂದುಕೊಂಡೆ. ದುಡ್ಡು ಕೊಟ್ಟಾದ ಮೇಲೆ ಮನುಷ್ಯ ಎಲ್ಲದಕ್ಕೂ ಹೊಂದಿಕೊಳ್ಳುತ್ತಾನೆ.

ಒಂಬತ್ತನೇ ತಿಂಗಳಿಗೆ ಮೇಕೇರಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಕೆಳಗಿನಿಂದ ಟಕ್ ಎಂದು ಒಂದು ಸದ್ದು ಶುರುವಾಯಿತು. ಬಾಗಿಲಿನದು ಎಂದುಕೊಂಡೆ, ಆಮೇಲೆ ಸಸ್ಪೆನ್ಷನ್ ಎಂದುಕೊಂಡೆ, ಬುಷ್ ಬದಲಾಯಿಸಿದ್ದೂ ಆಯಿತು. ಒಂದು ಭಾನುವಾರ ಸೀಟು ಬಿಚ್ಚಿ, ಬ್ರಾಕೆಟ್ಟನ್ನು ಜಗಲಿಗೆ ತಂದು ಬಿಸಿಲಿಗೆ ಹಿಡಿದೆ. ಹಿಂದಿನ ಎಡ ಮೂಲೆಯಲ್ಲಿ, ವೆಲ್ಡಿಂಗಿಗೆ ತಾಗಿಕೊಂಡು, ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಕೆಂಪು ಗೆರೆ. ಉಗುರಿನಿಂದ ಕೆರೆದರೆ ಹೋಗಲಿಲ್ಲ. ಕೈಯಲ್ಲಿ ಹಿಡಿದು ತಿರುಚಿದರೆ ಗೆರೆ ಬಾಯಿ ಬಿಟ್ಟು ಮುಚ್ಚಿತು. ಬಿರುಕಿನೊಳಗೆ ಮಳೆಗಾಲದ ತೇವ ಸೇರಿ ತುಕ್ಕು ಹಿಡಿದಿತ್ತು. ಅದರ ಮೇಲೆ ಕೂತು ಎಷ್ಟು ಸಲ ಸಂಪಾಜೆ ಘಾಟಿ ಇಳಿದೆ, ಎಷ್ಟು ಸಲ ಮಾಕುಟ್ಟ ಇಳಿದೆ ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ಬಕಲನ್ನು ಬ್ರಾಕೆಟ್ಟಿಗೆ ಹಿಡಿಸಿದ್ದ ಬೋಲ್ಟಿನ ತಲೆ ನೋಡಿದೆ. ಅಂಕಿಯೇ ಇಲ್ಲ. ಗೇಟಿಗೆ ಹಾಕುವ ಬೋಲ್ಟು! ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಒಳ್ಳೆಯ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೆತ್ತಿರುತ್ತದೆ. 8.8 ಎಂದರೆ ಅದು ತುಂಡಾಗಲು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್ ಎಳೆತ ಬೇಕು, ಅದರ ಶೇ. 80ರವರೆಗೆ ಎಳೆದರೂ ಮತ್ತೆ ಮೊದಲಿನಂತೆ ನಿಲ್ಲುತ್ತದೆ. 10.9 ಇನ್ನೂ ಗಟ್ಟಿ, 1,000 ಮತ್ತು ಶೇ. 90. ಸೀಟು ಮತ್ತು ಬೆಲ್ಟಿನ ವಿಷಯದಲ್ಲಿ ಅಂಕಿ ಇಲ್ಲದ ಬೋಲ್ಟು ಕಂಡರೆ ಅಲ್ಲೇ ಗಾಡಿ ನಿಲ್ಲಿಸಿ.

ಎರಡನೇ ಬ್ರಾಕೆಟ್ಟು ಕೊಯಮತ್ತೂರಿನಿಂದ ತರಿಸಿದ್ದು. ರೇಸ್ ಗಾಡಿಗಳ ಕೆಲಸ ಮಾಡುವ ಒಂದು ಚಿಕ್ಕ ವರ್ಕ್‌ಶಾಪಿನವರು ನಮ್ಮ ಗಾಡಿಯ ತೂತಿನ ಅಳತೆಗೆ ದಪ್ಪ ತಗಡು ಕತ್ತರಿಸಿ, ಮಡಚಿ, ಬದಿಯಿಂದ ಸೀಟು ಹಿಡಿಯುವ ಹಾಗೆ ಮಾಡಿಕೊಟ್ಟರು. ಕಂಪನಿ ಬಕಲ್ ಮೊದಲಿದ್ದ ಎತ್ತರದಲ್ಲೇ ಬರಲು ಬೇರೆ ತೂತು. ಸೀಟೊಂದಕ್ಕೆ 9,500. ನೆಲಕ್ಕೆ ಒಂದು ಚುಕ್ಕೆ ವೆಲ್ಡಿಂಗೂ ಇಲ್ಲ, ಎಲ್ಲ ಹಳೆಯ ತೂತಿಗೇ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಬಿಗಿದದ್ದು. ಈಗ ಸೀಟು ಕಂಪನಿಯದಕ್ಕಿಂತ 20 ಮಿಲಿಮೀಟರ್ ತಗ್ಗು. ಮೂರು ವರ್ಷದಿಂದ ಸದ್ದಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡುತ್ತೇನೆ, ಬೋಲ್ಟು ಸಡಿಲಾಗಿಲ್ಲ.

ತಗ್ಗಾದದ್ದಕ್ಕೆ ಒಂದು ದಂಡ ತೆತ್ತೆ. ಮೊದಲ ತಿಂಗಳು ಬಾನೆಟ್ಟಿನ ಎಡ ತುದಿ ಕಣ್ಣಿಗೆ ಸಿಗುತ್ತಿರಲಿಲ್ಲ. ತೋಟದ ರಸ್ತೆಯಲ್ಲಿ ಎದುರು ಬಂದ ಜೀಪಿಗೆ ದಾರಿ ಬಿಡಲು ಹೋಗಿ ಎಡ ಚಕ್ರ ಚರಂಡಿಗೆ ಇಳಿಯಿತು. ಜೀಪಿನವರೇ ಹಗ್ಗ ಕಟ್ಟಿ ಎಳೆದರು. ಈಗ ಅಂದಾಜು ಕೂತಿದೆ. ಮಂಜು ಕವಿದ ಬೆಳಗಿನಲ್ಲಿ ಮಾತ್ರ ಆ ಎರಡು ಸೆಂಟಿಮೀಟರ್ ಬೇಕಿತ್ತು ಅನಿಸುತ್ತದೆ.

ತೂಕ ಕಡಿಮೆಯಾಗುತ್ತದೆ ಎಂದು ಹೇಳುವವರಿಗೆ ಒಂದು ಮಾತು. ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ಎರಡನ್ನೂ ಇಟ್ಟು ನೋಡಿದ್ದೇನೆ. ಕಂಪನಿ ಸೀಟು 14.5 ಕಿಲೋ. ಹೊಸದು ಸೀಟು ಜಾರುವ ರೈಲು, ಬ್ರಾಕೆಟ್ ಎಲ್ಲ ಸೇರಿ 19. ಒರಗುವ ಸೀಟು ಹಾಕಿದರೆ ಗಾಡಿ ಹಗುರವಾಗುವುದಿಲ್ಲ.

ಓಡಿಸುವಾಗ ಏನು ಬದಲಾಯಿತು? ಭುಜದ ನೋವು ಹೋಯಿತು, ಅದನ್ನು ಖಂಡಿತ ಹೇಳಬಲ್ಲೆ. ತಿರುವಿನಲ್ಲಿ ಪಕ್ಕೆಲುಬಿನ ಹತ್ತಿರ ಸೀಟೇ ಹಿಡಿದುಕೊಳ್ಳುತ್ತದೆ, ಕೈ ಹಗುರವಾಗಿ ಸ್ಟೀರಿಂಗಿನ ಮೇಲೆ ಇರುತ್ತದೆ, ಮೊಣಕಾಲು ಕ್ಲಚ್ಚಿನ ಕೆಲಸಕ್ಕೆ ಮಾತ್ರ. ಹಾಕತ್ತೂರಿನಿಂದ ಮೇಕೇರಿಗೆ ಮೊದಲಿನ ವೇಗದಲ್ಲೇ ಹೋಗುತ್ತೇನೆ, ಆದರೆ ಇಳಿಯುವಾಗ ಸುಸ್ತಿಲ್ಲ. ಮೈಸೂರಿಗೆ ಹೋಗುವಾಗ ತಿತಿಮತಿ, ಆನೆಚೌಕೂರು ಕಾಡು ದಾಟಿ ಹುಣಸೂರಿನ ನೇರ ರಸ್ತೆಗೆ ಬಿದ್ದ ಮೇಲೆ ವ್ಯತ್ಯಾಸವೇ ತಿಳಿಯುವುದಿಲ್ಲ. ಇನ್ನೂ ನಿಜ ಹೇಳಬೇಕೆಂದರೆ ಎರಡು ಗಂಟೆ ಒಂದೇ ಭಂಗಿಯಲ್ಲಿ ಹಿಡಿದಿಡುವುದರಿಂದ ಅಲ್ಲಿ ಹಳೆಯ ಸೀಟೇ ವಾಸಿ. ಬಯಲುಸೀಮೆಯಲ್ಲಿ ಹೈವೇ ಮಾತ್ರ ಓಡಿಸುವವರು ಈ ಖರ್ಚಿಗೆ ಇಳಿಯಬೇಡಿ.

ಹತ್ತಿ ಇಳಿಯುವುದು ಬೇರೆಯೇ ಕಥೆ. ಡ್ರೈವರಿನ ಬಲ ಬದಿಯ ಏರಿನ ಮೇಲೆ ದಿನಕ್ಕೆ ಹತ್ತು ಸಲ ತೊಡೆ ಉಜ್ಜುತ್ತದೆ. ಎರಡನೇ ವರ್ಷಕ್ಕೆ ಅಲ್ಲಿ ಬಟ್ಟೆ ಹೊಳೆಯಿತು, ಆಮೇಲೆ ನೂಲು ಬಿಟ್ಟಿತು, ಒಳಗಿನ ಫೋಮ್ ಹಿಟ್ಟಿನ ಹಾಗೆ ಉದುರತೊಡಗಿತು. ಗೋಣಿಕೊಪ್ಪದಲ್ಲಿ ಕುಶನ್ ಕೆಲಸ ಮಾಡುವ ಇಕ್ಕ (ಮಲಯಾಳದಲ್ಲಿ ಅಣ್ಣ) ಒಬ್ಬರಿದ್ದಾರೆ. ಬಟ್ಟೆ ಬಿಚ್ಚಿ, ಹಳೆಯದನ್ನು ಕೆರೆದು ತೆಗೆದು, ಗಟ್ಟಿ ರೀಬಾಂಡ್ ಫೋಮನ್ನು ಬ್ಲೇಡಿನಲ್ಲಿ ಸವರುತ್ತಾ ಸವರುತ್ತಾ ಎಡ ಬದಿಯ ಏರಿನ ಆಕಾರಕ್ಕೆ ತಂದರು. ಮಧ್ಯೆ ಮಧ್ಯೆ ನನ್ನನ್ನು ಕೂರಿಸಿ, ಎಬ್ಬಿಸಿ ನೋಡಿದರು. ನಾಲ್ಕನೇ ಸಲಕ್ಕೆ ನಕ್ಕು ಹೇಳಿದರು: “ಸೀಟಿನದು ತಪ್ಪಲ್ಲ ಸಾರ್. ನೀವು ಇಳಿಯುವುದು ಸರಿ ಇಲ್ಲ. ಎಮ್ಮೆ ಕೆರೆಯಿಂದ ಏಳುವ ಹಾಗೆ ಏಳ್ತೀರಿ.”

ಅವರು ಕಲಿಸಿದ ಹಾಗೆ ಮೊದಲು ಬಲಗಾಲು ನೆಲಕ್ಕೆ, ಬಲಗೈ ಬಾಗಿಲ ಚೌಕಟ್ಟಿಗೆ, ಮೈ ಮೇಲೆತ್ತಿ ಆಮೇಲೆ ಹೊರಗೆ. 2,800 ರೂಪಾಯಿಯಲ್ಲಿ ಫೋಮೂ ಬಂತು, ಪಾಠವೂ ಬಂತು. ಎರಡು ವರ್ಷದಿಂದ ಆ ಬದಿ ಸವೆದಿಲ್ಲ.

ಮದುವೆ ದಿನ ಮಾತ್ರ ಯಾವ ಪಾಠವೂ ನಡೆಯುವುದಿಲ್ಲ. ಕೊಡವರ ಉದ್ದ ಕೋಟು, ನಡುಪಟ್ಟಿಯ ಕುಪ್ಯಚೇಲೆ ತೊಟ್ಟು, ಸೊಂಟದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಈ ಸೀಟಿಗೆ ಇಳಿದು ನೋಡಿ. ಕುಪ್ಯದ ಅಂಚು ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಕತ್ತಿಯ ಹಿಡಿ ಹೊಟ್ಟೆಗೆ ಒತ್ತುತ್ತದೆ, ಬೆಲ್ಟು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತದೆ. ಕತ್ತಿ ಬಿಚ್ಚಿ ಹಿಂದಿನ ಸೀಟಿನಲ್ಲಿಟ್ಟು ಓಡಿಸುತ್ತೇನೆ, ಮಂಟಪದ ಹತ್ತಿರ ಮತ್ತೆ ಸಿಕ್ಕಿಸಿಕೊಳ್ಳುತ್ತೇನೆ. ಬಾವ ಒಮ್ಮೆ ಓಡಿಸಲು ಕೂತವರು ಎರಡು ಬದಿಯ ನಡುವೆ ಸಿಕ್ಕಿಕೊಂಡು, ಮರ್ಯಾದೆಗೆ ನೂರು ಮೀಟರ್ ಓಡಿಸಿ ಕೀ ವಾಪಸ್ ಕೊಟ್ಟರು. ಕೊಳ್ಳುವ ಮೊದಲು ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ ಎನ್ನುವುದು ಇದಕ್ಕೇ. ಐದು ನಿಮಿಷದಲ್ಲಿ ಎಲ್ಲ ಸೀಟೂ ಚೆನ್ನಾಗಿರುತ್ತದೆ.

ಮಳೆಗಾಲದ ಬಗ್ಗೆ ಹೇಳದಿದ್ದರೆ ಕೊಡಗಿನವನ ವಿಮರ್ಶೆ ಆಗುವುದಿಲ್ಲ. ಜೂನಿನಿಂದ ಮೂರು ತಿಂಗಳು ಒದ್ದೆ ಕೋಟು, ಒದ್ದೆ ಕೊಡೆ, ಪ್ಯಾಂಟಿನ ಜೊತೆ ಬಂದ ಜಿಗಣೆ ಎಲ್ಲವೂ ಈ ಸೀಟಿಗೇ. ಬಟ್ಟೆ ಮಖಮಲ್ಲಿನ ಹಾಗೆ ಇರುವುದರಿಂದ ನೀರು ಕುಡಿದರೆ ಬಿಡುವುದಿಲ್ಲ. ಮೊದಲ ಮಳೆಗಾಲದಲ್ಲಿ ಹೊಲಿಗೆಯ ಗೆರೆಗಳ ಉದ್ದಕ್ಕೂ ಬಿಳಿ ಬೂಷ್ಟು ಹಿಡಿಯಿತು. ಅಂಗಡಿಯಲ್ಲಿ ಸಿಗುವ ಸ್ವಿಫ್ಟ್ ಕವರು ಇದಕ್ಕೆ ಹೊಂದುವುದಿಲ್ಲ. ಇಕ್ಕನ ಹತ್ತಿರವೇ ರೆಕ್ಸಿನ್ ಕವರು ಹೊಲಿಸಿ ಜೂನಿನಲ್ಲಿ ಹಾಕುತ್ತೇನೆ, ಅಕ್ಟೋಬರಿನಲ್ಲಿ ತೆಗೆಯುತ್ತೇನೆ. ವಾಸನೆಗೆ ಸೀಟಿನ ಕೆಳಗೆ ಒಂದು ಬುಟ್ಟಿ ಇದ್ದಿಲು. ಮಾರುಕಟ್ಟೆಯ ಯಾವ ಸುಗಂಧವೂ ಅದರಷ್ಟು ಕೆಲಸ ಮಾಡಿಲ್ಲ.

ಕಾನೂನು, ವಿಮೆ ಎರಡೇ ಮಾತಿನಲ್ಲಿ. ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ, ಅದನ್ನು ಓದಿಕೊಂಡು ಇಳಿಯಿರಿ. ನಾನು ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಂಡಿದ್ದೇನೆ, ಕಂಪನಿ ಸೀಟನ್ನು ಪ್ಲಾಸ್ಟಿಕ್ ಸುತ್ತಿ ಅಟ್ಟದಲ್ಲಿ ಇಟ್ಟಿದ್ದೇನೆ. ಇನ್ನೊಂದು, ಇದು ಮುಖ್ಯ: ನಿಮ್ಮ ಗಾಡಿಯ ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಈ ಯೋಚನೆಯನ್ನೇ ಬಿಡಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರು. ಅಲ್ಲಿ ರೆಸಿಸ್ಟರ್ ಸಿಕ್ಕಿಸಿ ಮೀಟರಿನ ದೀಪ ಆರಿಸಿಕೊಡುವವರು ಇದ್ದಾರೆ. ದೀಪ ಆರುತ್ತದೆ, ಗುದ್ದಿದ ದಿನ ಬ್ಯಾಗು ಬರುವುದಿಲ್ಲ. ನನ್ನ ಗಾಡಿಯಲ್ಲಿ ಇದ್ದದ್ದು ಬಕಲಿನ ಒಂದು ವೈರು ಮಾತ್ರ. ಬಕಲ್ ಹಳೆಯದೇ ಆದ್ದರಿಂದ ಬೆಲ್ಟಿನ ದೀಪ ಮೊದಲಿನ ಹಾಗೇ ಕೆಲಸ ಮಾಡುತ್ತದೆ.

ಜೊತೆ ಸೀಟು ತಂದೆ ಎಂದೆನಲ್ಲ. ಎಡಗಡೆಯದು ಗಾಡಿಯಲ್ಲಿ ಐದೇ ತಿಂಗಳು ಇದ್ದದ್ದು. ಅವ್ವನಿಗೆ ಮಂಡಿ ನೋವು. ಮೊದಲ ಸಲ ಕೂತಾಗಲೇ, “ಇದೆಂತ ಮಗ, ಭತ್ತದ ಪತ್ತಾಯಕ್ಕೆ ಇಳಿದ ಹಾಗೆ ಆಗ್ತದೆ” ಎಂದರು. ಇಳಿಯುವಾಗ ನಾನು ಸುತ್ತು ಹಾಕಿ ಬಂದು ಎರಡೂ ಕೈ ಹಿಡಿದು ಎಳೆಯಬೇಕು. ಒಂದು ದಿನ ಮಡಿಕೇರಿಯ ಸಂತೆಯ ಹತ್ತಿರ ಹಾಗೆ ಎಳೆಯುವಾಗ ನಾಲ್ಕು ಜನ ನಿಂತು ನೋಡಿದರು, ಅದು ಅವ್ವನಿಗೆ ಬೇಜಾರಾಯಿತು. ಆಮೇಲೆ ಅವರು ಗಾಡಿ ಬೇಡ, ಬಸ್ಸಿಗೇ ಹೋಗ್ತೇನೆ ಎನ್ನಲು ಶುರು ಮಾಡಿದರು. ಆ ವಾರವೇ ಅಟ್ಟದಿಂದ ಎಡಗಡೆಯ ಕಂಪನಿ ಸೀಟು ಇಳಿಸಿ ಹಾಕಿದೆ. ಒಳಗೆ ಈಗ ಒಂದೊಂದು ಕಡೆ ಒಂದೊಂದು ಬಗೆ, ನೋಡಿದವರು ನಗುತ್ತಾರೆ. ಹೊಸಬರಿಗೆ ನನ್ನ ಸಲಹೆಯೂ ಅದೇ: ಒಂದೇ ಸೀಟು ಕೊಳ್ಳಿ, ಉಳಿದ ದುಡ್ಡು ಬ್ರಾಕೆಟ್ಟಿಗೆ ಹಾಕಿ.

ಮಿಕ್ಕ ಸ್ಪೋರ್ಟ್ಸ್ ಸೀಟು ಮನೆಯ ಜಗಲಿಯಲ್ಲಿದೆ. ಅಪ್ಪ ಬೆಳಿಗ್ಗೆ ಅದರಲ್ಲಿ ಒರಗಿ ಪೇಪರ್ ಓದುತ್ತಾರೆ, ಮಧ್ಯಾಹ್ನ ನಾಯಿ ಮಲಗುತ್ತದೆ. ಕೆಳಗೆ ಸ್ಟ್ಯಾಂಡ್ ಆಗಿರುವುದು ಆ ಬಿರುಕು ಬಿಟ್ಟ ಮೊದಲ ಬ್ರಾಕೆಟ್ಟೇ. ಜಗಲಿಯಲ್ಲಿ ತಿರುವು ಇಲ್ಲವಲ್ಲ, ಹೇಗೋ ನಿಂತಿದೆ.