ಒಂದೇ ಮಾರುಕಟ್ಟೆ, ಮೂರು ತಿಂಗಳು, ಅಭ್ಯಾಸದ ಮೂರು ದಾರಿ

ಕ್ಯಾಮೆರಾ ಕೊಂಡು ನಾಲ್ಕು ವರ್ಷವಾದರೂ ನನ್ನ ಚಿತ್ರಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಫೋಕಸ್ ಸರಿಯಿರುತ್ತಿತ್ತು, ಬಣ್ಣವೂ ಚೆನ್ನಾಗಿರುತ್ತಿತ್ತು. ಆದರೆ ಇನ್ನೊಂದು ಸಲ ನೋಡೋಣ ಅನ್ನಿಸುತ್ತಿರಲಿಲ್ಲ. ಹೊಸ ಕ್ಯಾಮೆರಾಕ್ಕೆ ದುಡ್ಡು ಹಾಕುವ ಬದಲು, ಫೋಟೋಗ್ರಫಿ ಗೆಳೆಯರು ಸದಾ ಹೇಳುವ ಮೂರು ಅಭ್ಯಾಸಗಳನ್ನು ತಿಂಗಳಿಗೊಂದರಂತೆ ಮಾಡಿ ನೋಡಿದೆ. ಜಾಗ ಮಾತ್ರ ಬದಲಿಸಲಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆ, ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ.

ಮೊದಲ ತಿಂಗಳು ದಿನಕ್ಕೊಂದು ಚಿತ್ರ. ಎಷ್ಟಾದರೂ ತೆಗೆಯಬಹುದು, ಸಂಜೆ ಅದರಲ್ಲಿ ಒಂದನ್ನು ಆರಿಸಿ ಇಡಬೇಕು. ಕ್ಯಾಮೆರಾ ಕೈಗೆ ಒಗ್ಗಿತು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದನ್ನು ಹೇಳುವ ಐಎಸ್‌ಒ ಬದಲಿಸಲು ಬಟನ್ ಹುಡುಕುವುದು ನಿಂತಿತು. ಅಷ್ಟೇ. ಹತ್ತನೇ ದಿನದ ಹೊತ್ತಿಗೆ ‘ಇವತ್ತಿಂದು ಮುಗೀತು’ ಎನ್ನುವ ಲೆಕ್ಕ ಶುರುವಾಗಿತ್ತು. ಅರಿಸಿನ ಕುಂಕುಮದ ಗೋಪುರಗಳನ್ನೇ ಆರು ಸಲ ತೆಗೆದಿದ್ದೆ, ಆರೂ ಒಂದೇ ಥರ. ಕ್ಯಾಮೆರಾ ಈಗಷ್ಟೇ ಹಿಡಿದವರಿಗೆ ಇದು ಒಳ್ಳೆಯದು. ನನಗೆ ಸಾಲಲಿಲ್ಲ.

ಎರಡನೇ ತಿಂಗಳು ಒಂದೇ ಫೋಕಲ್ ಲೆಂಗ್ತ್, ಅಂದರೆ ಜೂಮ್ ಮಾಡದೆ ಒಂದೇ ನೋಟದ ಅಗಲ. ಎಲ್ಲರೂ ಮೊದಲು ಹೇಳುವುದು 50 ಎಂಎಂ ಎಫ್ 1.8 ಲೆನ್ಸ್. ಗೆಳೆಯನಿಂದ ಎರಡು ವಾರಕ್ಕೆ ತಂದೆ. ಬೆಳಕಿನ ವಿಷಯದಲ್ಲಿ ಅದಕ್ಕೆ ಎದುರಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಎಫ್ 5.6ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಆದರೆ ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಫುಲ್ ಫ್ರೇಮ್ (35 ಎಂಎಂ ಫಿಲ್ಮಿನ ಅಳತೆಯ) ಕ್ಯಾಮೆರಾದ್ದಕ್ಕಿಂತ ಚಿಕ್ಕದು. ಅದರಲ್ಲಿ 50 ಎಂಎಂ ಹಾಕಿದರೆ ಫುಲ್ ಫ್ರೇಮಿನ 75–80 ಎಂಎಂನಷ್ಟು ಕಿರಿದಾಗಿ ಕಾಣುತ್ತದೆ. ಹೂವಿನ ಸಾಲಿನ ಓಣಿಯಲ್ಲಿ ಎರಡು ಹೆಜ್ಜೆ ಹಿಂದೆ ಹೋದರೆ ಬೆನ್ನಿಗೆ ಬಾಳೆಗೊನೆ ತಗಲುತ್ತದೆ. ಮುಖ ಸಿಗುತ್ತಿತ್ತು, ಮಾರುಕಟ್ಟೆ ಸಿಗುತ್ತಿರಲಿಲ್ಲ. ಹಿನ್ನೆಲೆಯೆಲ್ಲ ಮಸುಕಾಗಿ, ಯಾವ ಊರಿನ ಚಿತ್ರವೆಂದೂ ಗೊತ್ತಾಗುತ್ತಿರಲಿಲ್ಲ.

ಉಳಿದೆರಡು ವಾರ ಕ್ಯಾಮೆರಾ ಜೊತೆಗೇ ಬಂದಿದ್ದ 18–55 ಲೆನ್ಸನ್ನು 35ಕ್ಕೆ ತಿರುಗಿಸಿ ಪೇಪರ್ ಟೇಪ್ ಸುತ್ತಿದೆ. ಖರ್ಚು ಟೇಪಿನದ್ದು ಮಾತ್ರ. ಅದು ಎಫ್ 4.5ರ ಆಸುಪಾಸಿಗಿಂತ ಹೆಚ್ಚು ತೆರೆಯುವುದಿಲ್ಲ, ಐಎಸ್‌ಒ 3200ಕ್ಕೆ ಏರಿಸಬೇಕಾಯಿತು, ಚಿತ್ರದಲ್ಲಿ ಕಾಳುಕಾಳು ಬಂತು. ಆದರೂ ನನ್ನ ಓಟು ಇದಕ್ಕೇ. ವಾರದೊಳಗೆ ಕ್ಯಾಮೆರಾ ಎತ್ತುವ ಮುಂಚೆಯೇ ಚೌಕಟ್ಟಿನ ಅಂಚು ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಗೊತ್ತಾಗತೊಡಗಿತು. ಜೂಮ್ ಇದ್ದಾಗ ನಾನು ನಿಂತಲ್ಲೇ ನಿಲ್ಲುತ್ತಿದ್ದೆ. ಈಗ ಬಗ್ಗಿದೆ, ಪಕ್ಕಕ್ಕೆ ಸರಿದೆ, ಹತ್ತಿರ ಹೋದೆ. ಹತ್ತಿರ ಹೋದರೆ ಮಾತಾಡಲೇಬೇಕು. ಮಲ್ಲಿಗೆ ಕಟ್ಟುವ ಅಜ್ಜಿಯೊಬ್ಬರು, ‘ದಿನಾ ಬರ್ತೀಯ, ಒಂದು ಮೊಳ ಹೂವಾದ್ರೂ ತಗೊಂಡಿದ್ದೀಯೇನಪ್ಪಾ?’ ಅಂದರು. ಅವತ್ತಿನಿಂದ ತಗೊಳ್ಳುತ್ತಿದ್ದೇನೆ.

ಮೂರನೆಯದು ದಿನಕ್ಕೆ 36 ಚಿತ್ರ, ಮನೆಗೆ ಬರುವವರೆಗೆ ಸ್ಕ್ರೀನ್ ನೋಡುವಂತಿಲ್ಲ. 35 ಎಂಎಂ ಫಿಲ್ಮಿನ ಒಂದು ರೋಲಿನ ಲೆಕ್ಕ. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ದಿನನಿತ್ಯದ ಬದುಕನ್ನು ಸೆರೆಹಿಡಿದದ್ದು ಫಿಲ್ಮಿನ ಮೇಲೆ. ಅವರ ಚಿತ್ರಗಳಲ್ಲಿನ ಆ ನಿಧಾನ ನನಗೂ ಬೇಕಿತ್ತು.

ಮೊದಲ ವಾರ ಪೂರ್ತಿ ಹಾಳಾಯಿತು. ಹೂ ಕಟ್ಟುವ ಬೆರಳುಗಳು ಅಲುಗಾಡಬಾರದೆಂದು ಶಟರ್ 1/500 ಸೆಕೆಂಡಿಗೆ ಇಟ್ಟಿದ್ದೆ. ಮನೆಗೆ ಬಂದು ನೋಡಿದರೆ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆಗಳು. ನಮ್ಮ ಕರೆಂಟು 50 ಹರ್ಟ್ಜ್. ಅಂಗಡಿಯ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದು. ಆದರೆ ವೇಗದ ಶಟರ್ ಸೆನ್ಸರಿನ ಮೇಲೆ ಸೀಳಿನಂತೆ ಹಾದುಹೋಗುವಾಗ ಒಂದು ಭಾಗಕ್ಕೆ ಬೆಳಕಿನ ಏರು, ಇನ್ನೊಂದಕ್ಕೆ ಇಳಿತ ಸಿಗುತ್ತದೆ. 1/100 ಅಥವಾ 1/50 ಇಟ್ಟರೆ ಎಲ್ಲ ಕಡೆಗೂ ಸಮನಾಗಿ ಬೀಳುತ್ತದೆ. ಕುಂಕುಮದ ಚಿತ್ರಗಳೂ ಕೆಟ್ಟಿದ್ದವು. ಒಟ್ಟಾರೆ ಬೆಳಕು ಸರಿಯಿತ್ತು, ಕೆಂಪು ಮಾತ್ರ ತುಂಬಿ ಹೋಗಿ ಗುಡ್ಡೆಯ ಹರಳು, ಬಿರುಕು ಒಂದೂ ಉಳಿದಿರಲಿಲ್ಲ. ಈಗ ಕುಂಕುಮಕ್ಕೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಅಂದರೆ ಅರ್ಧ ಬೆಳಕಿಗೆ) ಇಳಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪನ್ನು ಬೇರೆಯಾಗಿ ನೋಡುತ್ತೇನೆ.

1/100ಕ್ಕೆ ಇಳಿಸಿದ ಮೇಲೆ ಅಜ್ಜಿಯ ಬೆರಳುಗಳು ಮಸುಕಾದವು. ಆಮೇಲೆ ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ನೋಡಿದೆ. ಎಡಗೈಯಲ್ಲಿ ಎರಡೆರಡು ಮೊಗ್ಗು ಎದುರುಬದುರು ಜೋಡಿಸುತ್ತಾರೆ, ಬಲಗೈ ಬಾಳೆನಾರನ್ನು ಸುತ್ತಿ ಕುಣಿಕೆ ಹಾಕುತ್ತದೆ. ಕುಣಿಕೆ ಬಿಗಿಯುವಾಗ ಎರಡೂ ಕೈ ಅರೆಕ್ಷಣ ನಿಲ್ಲುತ್ತವೆ. ನಾರು ತಂತಿಯಂತೆ ಸೆಟೆದಿರುತ್ತದೆ. ಆ ಅರೆಕ್ಷಣಕ್ಕೆ ಒತ್ತಿದರೆ ಬೆರಳಿನ ಗೆರೆಗಳೂ ಸ್ಪಷ್ಟ. ದಿನಕ್ಕೆ ಮುನ್ನೂರು ಒತ್ತುತ್ತಿದ್ದಾಗ ಇದು ನನಗೆ ಒಮ್ಮೆಯೂ ಕಂಡಿರಲಿಲ್ಲ. ಎಣಿಸಿ ಖರ್ಚು ಮಾಡಬೇಕಾದಾಗ ಕಂಡಿತು.

ಹಾಗಾಗಿ 36ರ ಲೆಕ್ಕ ಇಟ್ಟುಕೊಂಡಿದ್ದೇನೆ, ಸ್ಕ್ರೀನ್ ನೋಡಬಾರದೆಂಬ ನೇಮ ಬಿಟ್ಟಿದ್ದೇನೆ. ತಪ್ಪು ಸಂಜೆ ಗೊತ್ತಾದರೆ ತಿದ್ದಲು ಮರುದಿನ ಬೆಳಗಾಗಬೇಕು. ಜಾಗದಲ್ಲೇ ಎರಡು ಸಲ ನೋಡಿದರೆ ಬೆಳಕಿನ ತಪ್ಪು ಅಲ್ಲೇ ಸರಿಹೋಗುತ್ತದೆ. 35ರ ಟೇಪನ್ನೂ ತೆಗೆದಿಲ್ಲ. ಒಂದೇ ಅಭ್ಯಾಸ ಆರಿಸಿಕೊಳ್ಳುವವರಿಗೆ 36ನ್ನು ಹೇಳುತ್ತೇನೆ, ಏಕೆಂದರೆ ಅದು ಮೊಬೈಲಿನಲ್ಲೂ ಆಗುತ್ತದೆ.

ಕುಣಿಕೆಯ ಚಿತ್ರದ ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟೆ. ತುಂಬಾ ಹೊತ್ತು ನೋಡಿ, ‘ನಮ್ಮವ್ವನ ಕೈಯೂ ಹಿಂಗೇ ಇತ್ತು’ ಅಂದರು.