ಐಟಿಗೆ ಹೋಗೋಣ ಅಂತ ಕೋರ್ಸ್ ಸೇರೋರು ಆ ಇಎಂಐ ಯಾರದ್ದು ಅಂತ ಮೊದ್ಲು ನೋಡ್ಕೊಳ್ಳಿ

ಪೀಣ್ಯ, ಬೊಮ್ಮಸಂದ್ರ ಕಡೆ ಫ್ಯಾಕ್ಟರಿ ಕೆಲಸ ಬಿಟ್ಟು ಸಾಫ್ಟ್‌ವೇರ್‌ಗೆ ಹೋಗೋಣ ಅಂತ ಲೆಕ್ಕ ಹಾಕ್ತಿರೋರು ಇದನ್ನ ಪೂರ್ತಿ ಓದಿ. ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು. ಇನ್‌ಸ್ಟಿಟ್ಯೂಟ್ ಹೆಸರು ಕೇಳ್ಬೇಡಿ, ಕಂಪ್ಲೇಂಟ್ ಇನ್ನೂ ನಡೀತಿದೆ.

ಹುಡುಗ ಡಿಪ್ಲೊಮಾ ಮೆಕ್ಯಾನಿಕಲ್, ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ನೈಟ್ ಶಿಫ್ಟು, ಇನ್‌ಕ್ರಿಮೆಂಟ್ ಹೆಸರಿಗಷ್ಟೆ. ಜೊತೆಲಿ ಓದಿದೋರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತು ಸೆಟಲ್ ಆಗಿದ್ರು, ಇವನಿಗೂ ಆಸೆ, ಅದ್ರಲ್ಲಿ ತಪ್ಪೇನಿಲ್ಲ ಬಿಡಿ. "ಜಾಬ್ ಗ್ಯಾರಂಟಿ, ಕೆಲಸ ಸಿಕ್ಕಿದ ಮೇಲೆ ಫೀಸ್ ಕಟ್ಟಿ" ಅನ್ನೋ ಆಡ್ ನೋಡಿ ನಂಬರ್ ಕೊಟ್ಟ, ಆಮೇಲೆ ಕೌನ್ಸೆಲರ್ ಅಂತ ದಿನಾ ಫೋನು, ಇವತ್ತೇ ಲಾಸ್ಟ್ ಸೀಟು, ನಾಳೆಯಿಂದ ಫೀಸ್ ಜಾಸ್ತಿ ಅಂತ.

ಆಫೀಸಿಗೆ ಹೋದ್ರೆ "ರಿಜಿಸ್ಟ್ರೇಶನ್" ಅಂತ ಆಧಾರ್, ಪ್ಯಾನ್ ತಗೊಂಡ್ರು, ಸೆಲ್ಫಿ ಹೊಡ್ಸಿದ್ರು, ಒಂದರ ಹಿಂದೆ ಒಂದು ಓಟಿಪಿ ಕೇಳಿ ಹಾಕೊಂಡ್ರು. ಫೀಸು ಒಂದೂವರೆ ಲಕ್ಷದ ಹತ್ರ, ನೋ ಕಾಸ್ಟ್ ಇಎಂಐ, ಮೊದಲ ಕೆಲವು ತಿಂಗಳು ಏನೂ ಕಟ್ಟೋ ಹಾಗಿಲ್ಲ ಅಂದ್ರು. ನಿಜವಾಗಿ ಆಗಿದ್ದು ಏನಂದ್ರೆ ಯಾವುದೋ ಫೈನಾನ್ಸ್ ಕಂಪನಿಲಿ ಇವನ ಹೆಸರಿಗೆ ಲೋನ್ ಎದ್ದಿತ್ತು. ದುಡ್ಡು ಇವನ ಅಕೌಂಟಿಗೆ ಬರ್ಲೇ ಇಲ್ಲ, ನೇರ ಇನ್‌ಸ್ಟಿಟ್ಯೂಟಿಗೆ. ಅಂದ್ರೆ ಅವರಿಗೆ ಪೂರ್ತಿ ಫೀಸು ಶುರುವಲ್ಲೇ ಬಂದಾಯ್ತು, ಇನ್ನು ಇವನು ಕಲಿತ್ರೇನು ಬಿಟ್ರೇನು.

ಕ್ಲಾಸ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ, ಟ್ರೈನರ್‌ಗಳು ಬದಲಾಗ್ತಾನೇ ಇದ್ರು, ಕಡೆಕಡೆಗೆ ರೆಕಾರ್ಡೆಡ್ ವಿಡಿಯೋ. ಡೇ ಬ್ಯಾಚ್ ಬೇಕೇಬೇಕು ಅಂತ ಇವನ ಕೈಲಿ ರಿಸೈನ್ ಬೇರೆ ಮಾಡ್ಸಿದ್ರು. ಸಂಬಳ ನಿಂತ ಮೇಲೆ ಇಎಂಐ ಶುರುವಾಯ್ತು. ಕೋರ್ಸ್ ಬಿಡ್ತೀನಿ ಅಂದ್ರೆ ಇನ್‌ಸ್ಟಿಟ್ಯೂಟ್‌ನೋರು ಫೈನಾನ್ಸ್ ಕಂಪನಿ ಹತ್ರ ಮಾತಾಡಿ ಅಂತಾರೆ, ಅವರು ನಮಗೂ ಕ್ಲಾಸಿಗೂ ಸಂಬಂಧ ಇಲ್ಲ ಅಂತಾರೆ. ಯಾರೋ ಸ್ನೇಹಿತರು ಆಟೋ ಡೆಬಿಟ್ ಮ್ಯಾಂಡೇಟ್ (ಅಕೌಂಟಿಂದ ಕಂತು ತಾನಾಗೇ ಕಟ್ ಆಗೋಕೆ ಕೊಟ್ಟ ಒಪ್ಪಿಗೆ) ಕ್ಯಾನ್ಸಲ್ ಮಾಡು ಅಂದ್ರಂತೆ, ಮಾಡ್ದ. ಮ್ಯಾಂಡೇಟ್ ಹೋದ್ರೆ ಸಾಲ ಹೋಗುತ್ತಾ? ಸಿಬಿಲ್ ಸ್ಕೋರ್ ಬಿತ್ತು, ಚಿಕ್ಕಪ್ಪನ ನಂಬರಿಗೂ ರಿಕವರಿ ಫೋನ್ ಶುರುವಾಯ್ತು.

ಇದಕ್ಕಿಂತ ಡೇಂಜರ್ ಪ್ಲೇಸ್‌ಮೆಂಟ್ ಕಥೆ. "ಫ್ರೆಶರ್‌ಗೆ ಯಾರೂ ಕರೆಯಲ್ಲ, ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಹಾಕ್ಕೊಡ್ತೀವಿ" ಅಂತ ಇನ್ನೊಂದಿಷ್ಟು ದುಡ್ಡು ಕೇಳಿದ್ರು. ಸ್ವಾಮಿ, ಆ ಎರಡು ವರ್ಷ ಇವನು ಪೀಣ್ಯದಲ್ಲಿದ್ದ, ತಿಂಗಳು ತಿಂಗಳು ಪಿಎಫ್ ಕಟ್ ಆಗಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನೋರು ಯುಎಎನ್ (ಪಿಎಫ್ ನಂಬರ್) ಸರ್ವೀಸ್ ಹಿಸ್ಟರಿ ಕೇಳಿದ್ರೆ ಐದು ನಿಮಿಷದ ಕೆಲಸ, ಸೇರಿದ ಮೇಲೆ ಗೊತ್ತಾದ್ರೂ ತೆಗೆದುಹಾಕ್ತಾರೆ. ಇವನು ಒಪ್ಲಿಲ್ಲ ಅನ್ನೋದೇ ಸಮಾಧಾನ.

ಈಗ ಸೇರ್ಬೇಕು ಅಂತಿರೋರು, ಯಾರಾದ್ರೂ ಫೀಸ್ ಇಎಂಐ ಅಂದ್ರೆ ಸಾಲ ಕೊಡೋರು ಯಾರು ಅಂತ ಕೇಳಿ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಬಡ್ಡಿ, ಖರ್ಚು, ಷರತ್ತು ಎಲ್ಲ ಇರೋ ಪತ್ರ) ಓದದೆ ಓಟಿಪಿ ಕೊಡ್ಬೇಡಿ. ಈಗಾಗ್ಲೇ ಕೊಟ್ಟಿದ್ರೆ ಕೂಲಿಂಗ್ ಆಫ್ ಅವಧಿ ನೋಡಿ. ಡಿಜಿಟಲ್ ಲೋನಿಗೆ ಅದು ಇರ್ಲೇಬೇಕು ಅಂತ ಆರ್‌ಬಿಐ 2022ರಲ್ಲೇ ಹೇಳಿದೆ, ಅಷ್ಟರೊಳಗೆ ಅಸಲು, ಅಷ್ಟು ದಿನದ ಬಡ್ಡಿ ಕಟ್ಟಿದ್ರೆ ದಂಡ ಇಲ್ದೆ ಬಿಡಿಸ್ಕೋಬಹುದು. ಆದ್ರೆ ದುಡ್ಡು ಇನ್‌ಸ್ಟಿಟ್ಯೂಟ್ ಕೈಲಿರುತ್ತಲ್ಲ, ಅದನ್ನ ಕಕ್ಕಿಸೋದೇ ಕಷ್ಟ, ಅವಧಿನೂ ಕೆಲವೇ ದಿನ.

ನಾವು ಮೊದ್ಲು ಫೈನಾನ್ಸ್ ಕಂಪನಿಗೆ ಮೇಲ್ ಹಾಕಿದ್ವಿ. 30 ದಿನದಲ್ಲಿ ಸರಿಯಾದ ಉತ್ತರ ಬರ್ದಿದ್ರೆ ಆರ್‌ಬಿಐ ಆಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸೋ ಅಧಿಕಾರಿ) ಹೋಗಬಹುದು, ಹೆಲ್ಪ್‌ಲೈನ್ 14448. ಇನ್‌ಸ್ಟಿಟ್ಯೂಟ್ ಮೇಲೆ 1915ಕ್ಕೆ, ಅದು ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್. ಕೋಚಿಂಗ್‌ನೋರು ಸುಳ್ಳು ಜಾಬ್ ಗ್ಯಾರಂಟಿ ಆಡ್ ಹಾಕೋ ಹಾಗಿಲ್ಲ ಅಂತ 2024ರ ನವೆಂಬರ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂದಿದೆ, ಕಂಪ್ಲೇಂಟ್‌ನಲ್ಲಿ ಅದನ್ನೂ ಬರೀರಿ.

ಹುಡುಗ ಈಗ ಬೇರೆ ಫ್ಯಾಕ್ಟರಿ ಸೇರಿದಾನೆ, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಫ್ರೀ ಕೋರ್ಸ್ ನೋಡ್ಕೊಂಡು ರಾತ್ರಿ ಪೈಥಾನ್ ಕಲೀತಿದಾನೆ. ಆ ಕೌನ್ಸೆಲರ್ ವಾಟ್ಸಾಪ್‌ನಲ್ಲಿ "ಕೆಲಸ ಸಿಗೋವರೆಗೂ ಒಂದ್ರೂಪಾಯಿ ಕಟ್ಟೋ ಹಾಗಿಲ್ಲ" ಅಂತ ಬರೆದಿದ್ದ ಮೆಸೇಜ್‌ಗಳಲ್ಲಿ ನಮ್ಮ ಹತ್ರ ಎರಡೇ ಎರಡು ಸ್ಕ್ರೀನ್‌ಶಾಟ್ ಉಳಿದಿದೆ. ನೀವು ಜಗಳಕ್ಕೆ ಹೋಗೋ ಮುಂಚೆನೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ.