ಲೈಟಿಂಗ್ ಸೂಪರ್, ನಿಲ್ಲಿಸೋದರಲ್ಲೇ ತಕರಾರು

ಮೈಸೂರಿನ ಅರಸು ರಸ್ತೆ ಕಡೆಯ ಒಂದು ಹಳೇ ಸ್ಟುಡಿಯೋದಲ್ಲಿ ಕಳೆದ ತಿಂಗಳು ಫ್ಯಾಮಿಲಿ ಫೋಟೋ ತೆಗೆಸಿದೆವು. ಹೆಸರು ಬೇಡ. ನಾವು ಹನ್ನೊಂದು ಜನ, 12 ಇಂಟು 18 ಇಂಚಿನ ಪ್ರಿಂಟ್, ಫ್ರೇಮ್ ಸೇರಿ 2,200 ರೂಪಾಯಿ. ಕೆಲಸ ಗೊತ್ತಿರುವ ಜನ, ಅದರಲ್ಲಿ ಎರಡು ಮಾತಿಲ್ಲ. ಯಾರ ಕನ್ನಡಕದಲ್ಲೂ ಫ್ಲ್ಯಾಶ್ ಹೊಳೆದಿಲ್ಲ, ಅಮ್ಮನ ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತದೆ.

ಒಳಗೆ ಹೋದ ತಕ್ಷಣ ಕೇಳಿದ್ದು, "ಯಜಮಾನರು ಯಾರು?" ಅಪ್ಪನಿಗೆ ಮಧ್ಯದ ಕುರ್ಚಿ, ಪಕ್ಕದಲ್ಲಿ ಅಮ್ಮ, ಹಿಂದೆ ಗಂಡುಮಕ್ಕಳು, ಅವರವರ ಎಡಕ್ಕೆ ಹೆಂಡತಿಯರು. ಸೋದರತ್ತೆ ಅಪ್ಪನಿಗಿಂತ ದೊಡ್ಡವರು, 78 ವರ್ಷ, ತಮ್ಮ ಟೀಚರ್ ಸಂಬಳದಲ್ಲೇ ಅಪ್ಪನನ್ನು ಓದಿಸಿದವರು. ಅವರ ಬರಿ ಹಣೆ ನೋಡಿ ಫೋಟೋಗ್ರಾಫರ್, "ಅಮ್ಮಾ, ನೀವು ಸ್ವಲ್ಪ ಈ ಕಡೆ ಬನ್ನಿ" ಅಂದರು. ಅಷ್ಟರಲ್ಲಿ ಅತ್ತೆ ಆಗಲೇ ಸೆರಗು ಹೊದ್ದುಕೊಂಡು ತುದಿಗೆ ಸರಿಯುತ್ತಿದ್ದರು. ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಸೇರಿ.

ಆಮೇಲೆ "ಹಲ್ಲು ಕಾಣಬಾರದು" ಅಂತ ಬೇರೆ. 1839ರಲ್ಲಿ ಡಾಗೆರೋಟೈಪ್ ಅನ್ನೋ ಹಳೇ ಕಾಲದ ಫೋಟೋ ವಿಧಾನ ಬಂದ ಹೊಸತರಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು, ಅಷ್ಟು ಹೊತ್ತು ನಗು ಎಲ್ಲಿ ನಿಲ್ಲುತ್ತದೆ, ಸರಿ. ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಆದರೂ ಮುಖ ಬಿಗಿದುಕೊಂಡೇ ಇರಬೇಕು. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರಾಜಮನೆತನದವರ ಚಿತ್ರ ನೋಡಿದ್ದೀರಲ್ಲ, ಇಲ್ಲೂ ಅದೇ ಗತ್ತು. ಕುರ್ಚಿಯ ಸ್ಪಾಂಜ್ ಮಾತ್ರ ಕಿತ್ತು ಬಂದಿದೆ, ಫೋಟೋದಲ್ಲಿ ಅಪ್ಪನ ಪಂಚೆ ಅದನ್ನು ಮುಚ್ಚಿದೆ.

ಪ್ರಿಂಟ್ ಕೈಗೆ ಬಂದಾಗ ತಂಗಿ ಗುರುತೇ ಸಿಗಲಿಲ್ಲ. ಎಣ್ಣೆಗಪ್ಪು ಹುಡುಗಿ, ಹಾಲಿನಲ್ಲಿ ಅದ್ದಿ ತೆಗೆದ ಹಾಗಿದ್ದಳು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಯಾಕೆ ಅಂದರೆ, "ಮದುವೆ ಆಗಬೇಕಾದ ಹುಡುಗಿ ಅಲ್ವಾ ಸಾರ್, ಸ್ವಲ್ಪ ಬೆಳ್ಳಗೆ ಮಾಡಿದೆ." ಪಾಪ, ಒಳ್ಳೆಯದಕ್ಕೇ ಮಾಡಿದ್ದೀನಿ ಅನ್ನೋ ಮುಖ! ಅಪ್ಪನ ಬೊಕ್ಕತಲೆ ಮಾತ್ರ ಹೇಗಿತ್ತೋ ಹಾಗೇ ಇತ್ತು, ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ತಂಗಿ ಅಲ್ಲೇ ನಿಂತು ವಾಪಸ್ ಕೊಟ್ಟಳು. ನಾಲ್ಕು ದಿನದಲ್ಲಿ ಸರಿ ಮಾಡಿಕೊಟ್ಟರು, ಜಾಸ್ತಿ ದುಡ್ಡು ಕೇಳಲಿಲ್ಲ.

ಐದಕ್ಕೆ ಮೂರು ಸ್ಟಾರ್. ಹೋಗುವುದಾದರೆ ಯಾರು ಎಲ್ಲಿ ಕೂರಬೇಕು ಅಂತ ಮನೆಯಲ್ಲೇ ಮಾತಾಡಿಕೊಂಡು ಹೋಗಿ, ಅಲ್ಲಿ ನಿಂತ ಮೇಲೆ ಬಾಯಿ ಬರುವುದಿಲ್ಲ. ಬಣ್ಣ ಮುಟ್ಟಬೇಡಿ ಅಂತ ಬಿಲ್ ಮೇಲೇ ಬರೆಸಿ. ನಾವು ಯುಗಾದಿಗೆ ಇನ್ನೊಂದು ಸಲ ಹೋಗುತ್ತಿದ್ದೇವೆ, ಮಧ್ಯದ ಕುರ್ಚಿ ಅತ್ತೆಗೆ. ಅತ್ತೆ ಇನ್ನೂ ಒಪ್ಪಿಲ್ಲ.